ಫಲಾನುಭವಿ

ಬಡವರು ಎಲೆಕ್ಟ್ರಿಕ್ ಆಟೊ ಕೊಳ್ಳಲು ಸರ್ಕಾರ ಸಬ್ಸಿಡಿ ಕೊಡುತ್ತದೆಂದು ಕೇಳಿ ನಿಂಗರಾಜು ಅರ್ಜಿ ಹಾಕಿದ್ದ. ಹದಿನಾಲ್ಕು ವರ್ಷ ಅವನು ಓಡಿಸಿದ್ದೆಲ್ಲ ಸಾಹುಕಾರರ ಗಾಡಿ, ದಿನಬಾಡಿಗೆಗೆ. ಮೂರನೇ ಸಲ ಕಚೇರಿಗೆ ಹೋದಾಗ ಕೌಂಟರಿನ ಮೇಡಂ ಕಂಪ್ಯೂಟರ್ ನೋಡಿ ಅರ್ಜಿ ವಾಪಸು ಕೊಟ್ಟರು.

"ನಿಮಗೆ ಬರಲ್ಲ. ಒಬ್ಬರಿಗೆ ಒಂದೇ ಸಲ ಕೊಡೋದು. ನೀವು ಹೋದ ವರ್ಷವೇ ಆಟೊ ತಗೊಂಡಿದ್ದೀರಿ."

"ನಾನಾ? ನನಗ್ಯಾರು ಕೊಟ್ರು ಮೇಡಂ?"

"ಆಧಾರ್ ನಿಮ್ಮದೇ. ಫೋನಿಗೆ ಬಂದ ಓಟಿಪಿನೂ ನೀವೇ ಕೊಟ್ಟಿದ್ದೀರಿ."

ಓಟಿಪಿ ಅಂದಾಗ ನೆನಪಾಯಿತು. ಹೋದ ವರ್ಷ ಸಾಹುಕಾರರು ಇನ್ಶೂರೆನ್ಸಿಗೆ ಬೇಕೆಂದು ಆಧಾರ್ ಇಸಕೊಂಡು ಓಟಿಪಿ ಕೇಳಿದ್ದರು. ತಪ್ಪಾಗದಿರಲೆಂದು ಅವನೇ ಎರಡು ಸಲ ಓದಿ ಹೇಳಿದ್ದ.

"ಕಂಪ್ಲೇಂಟ್ ಕೊಡ್ಲಾ ಮೇಡಂ?"

"ಕೊಡಿ. ಸಬ್ಸಿಡಿ ಗಾಡೀನ ಬೇರೆಯವರಿಗೆ ಕೊಟ್ಟಿದ್ದೀರಿ ಅಂತ ಕೇಸು ನಿಮ್ಮ ಮೇಲೇ ಆಗುತ್ತೆ. ಗಾಡಿ ನಂಬರ್ ಹೇಳ್ತೀನಿ, ಬರ್ಕೊಳ್ಳಿ. ಯಾರ ಹತ್ರ ಇದೆ ಅಂತ ಹುಡುಕಿ ನೋಡಿ."

ಅವರು ನಂಬರ್ ಓದಿದರು. ನಿಂಗರಾಜು ಬರೆದುಕೊಳ್ಳಲಿಲ್ಲ.

ಆ ಆಟೊದ ಇವತ್ತಿನ ಬಾಡಿಗೆಯನ್ನು ಬೆಳಿಗ್ಗೆಯೇ ಸಾಹುಕಾರರ ಕೈಗಿಟ್ಟು, ಅದರಲ್ಲೇ ಅವನು ಕಚೇರಿಗೆ ಬಂದಿದ್ದ.