ಸಾಬೂನು ಕಾರ್ಖಾನೆಯ ಕ್ರಯಪತ್ರ

ಕೊರ್ಬಾನ್ ಪಿಸ್ತೂಲನ್ನು ಮೇಜಿನ ಮೇಲಿದ್ದ ಸಾಬೂನಿನ ಗಟ್ಟಿಗಳ ನಡುವೆ ಇಟ್ಟು, ಕ್ರಯಪತ್ರವನ್ನು ರೂಮಿಯೂನ ಮುಂದಕ್ಕೆ ತಳ್ಳಿದ.

“ಸಹಿ ಹಾಕು. ಕಾರ್ಖಾನೆ ನಂದು, ಜೀವ ನಿಂದು. ಇಬ್ಬರಿಗೂ ಸರಿಹೋಯ್ತಲ್ಲ?”

ಮಾರ್ಸೇ ಬಂದರಿನ ಹಿಂಬದಿಯ ಆ ಸಾಬೂನು ಕಾರ್ಖಾನೆ ರೂಮಿಯೂನ ಮುತ್ತಜ್ಜ ಕಟ್ಟಿದ್ದು. ಕೊರ್ಬಾನ್‌ಗೆ ಸಾಬೂನಿನ ಮೇಲೆ ಮೋಹವೇನೂ ಇರಲಿಲ್ಲ. ತನ್ನ ದಂಧೆಗೆ ಹೊದಿಸಲು ಒಂದು ಮರ್ಯಾದಸ್ಥ ಹೆಸರು ಬೇಕಿತ್ತು. ಹಾಗಾಗಿ ಕಾಗದಪತ್ರದಲ್ಲಿ ಎಳ್ಳಷ್ಟೂ ಲೋಪ ಇರಕೂಡದೆಂಬುದು ಅವನ ಪಟ್ಟು. ಬಾಗಿಲಿಗೆ ಅಡ್ಡಲಾಗಿ ಅವನ ಆಳು ತಿಬೋ ನಿಂತಿದ್ದ. ಕದಕ್ಕಿಂತ ಅವನೇ ಅಗಲವಾಗಿದ್ದ.

ರೂಮಿಯೂ ಪೆನ್ನು ಹಿಡಿದ. ಅದರ ತುದಿ ಕಾಗದದ ಮೇಲೆಯೇ ನಿಂತಿತು. ಹೋದ ವರ್ಷ ಒಂದು ಪ್ಯಾಕಿಂಗ್ ಯಂತ್ರ ಕೊಳ್ಳಲು ಹೊರಟಾಗಲೂ ಪೆನ್ನು ಹೀಗೇ ನಿಂತಿತ್ತು. ಆಗ ಎದುರಿಗೆ ಕೂತಿದ್ದವರು ಜೊಸಿಯಾನ್. ಅವನು ಪೆನ್ನು ಕೆಳಗಿಟ್ಟ.

“ಹಾಕ್ತೀನಿ. ಆದ್ರೆ ಜೊಸಿಯಾನ್‌ರನ್ನ ಕೇಳದೆ ಮಾರಿದ್ರೆ ಅವ್ರು ನೇರ ಕೋರ್ಟಿಗೆ ಹೋಗ್ತಾರೆ. ಅಲ್ಲಿ ನಿಮ್ಮ ಹೆಸರೂ ಬರತ್ತೆ.”

“ಯಾರವಳು, ಹೆಂಡ್ತಿನಾ?”

“ಹೆಂಡ್ತಿ ಆಗಿದ್ರೆ ಹೇಗೋ ಸಂಭಾಳಿಸ್ತಿದ್ದೆ. ಕಾರ್ಮಿಕರ ಪ್ರತಿನಿಧಿ.”

ಕೊರ್ಬಾನ್ ಕರೆಸು ಎಂದ. ಆಕೆಯ ಸಭೆ ತಪ್ಪಿಸಿಕೊಳ್ಳಲು ಎರಡು ಸಲ ಸುಳ್ಳು ಜ್ವರ ಬರಿಸಿಕೊಂಡಿದ್ದ ರೂಮಿಯೂ, ಆಕೆ ಪ್ರತಿನಿಧಿಯಾದ ಎಂಟು ವರ್ಷದಲ್ಲಿ ಮೊದಲ ಬಾರಿಗೆ ತಾನಾಗಿ ಆಕೆಗೆ ಫೋನ್ ಮಾಡಿದ.

ಸಾಬೂನು ಕತ್ತರಿಸುವ ವಿಭಾಗದಿಂದ ಜೊಸಿಯಾನ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಪಿಸ್ತೂಲನ್ನು ನೋಡಿದಳು. ಕೊರ್ಬಾನ್‌ನನ್ನು ನೋಡಿದಳು.

“ಜನ ಒಳಗೆ ಬಂದ್ರೆ ಒಂದು ಬೊಂಜೂರ್ ಹೇಳೋ ಪದ್ಧತಿ ಇಲ್ವಾ ನಿಮ್ಮ ಕಡೆ?”

“ಬೊಂಜೂರ್, ಮದಾಂ,” ಎಂದ ತಿಬೋ ತಟ್ಟನೆ. ಸ್ವಲ್ಪ ತಡೆದು ಕೊರ್ಬಾನ್ ಕೂಡ ಗೊಣಗಿದ.

ಆಕೆ ಕನ್ನಡಕ ಹಾಕಿಕೊಂಡು ಪತ್ರವನ್ನು ಕೊನೆಯ ಸಾಲಿನವರೆಗೆ ಓದಿದಳು. “ಅರವತ್ತೆರಡು ಜನಕ್ಕೂ ತಿಳಿಸಬೇಕು. ಕೊಳ್ಳೋರು ಸಭೇಲಿ ನಿಂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಅದನ್ನ ಬರೆದು ಗೋಡೆಗೆ ಅಂಟಿಸ್ತೀವಿ. ಎರಡು ತಿಂಗಳು ಹಿಡಿಯತ್ತೆ. ಮಧ್ಯೆ ಆಗಸ್ಟ್ ಬಂತು, ಎಲ್ಲರೂ ರಜ. ಅಕ್ಟೋಬರ್ ಅಂತಿಟ್ಕೊಳ್ಳಿ.” ಏಪ್ರನ್ನಿನ ಜೇಬಿನಿಂದ ಪುಟ್ಟ ಪುಸ್ತಕ ತೆಗೆದಳು. “ಮೊದಲು ಇದು ಹೇಳಿ, ನಿಮ್ಮ ಕಸುಬು ಏನು ಅಂತ ಬರ್ಕೊಳ್ಳಲಿ?”

ಕೊರ್ಬಾನ್ ಪಿಸ್ತೂಲು ಎತ್ತಿಕೊಂಡ. “ಇದು ಕಾಣಿಸ್ತಾ ಇಲ್ವಾ ನಿಂಗೆ?”

“ಕಾಣಿಸ್ತು. ಕೆಲಸದ ಜಾಗದಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ನಲವತ್ತೆಂಟು ಗಂಟೆಯೊಳಗೆ ಮಾಲೀಕರು ಫಾರಂ ತುಂಬಿ ಕಳಿಸಬೇಕು. ಇವರು ಸಹಿ ಹಾಕಿದ್ಮೇಲೆ ಹೊಡೆದ್ರಿ ಅಂದ್ರೆ ಮಾಲೀಕರು ನೀವೇ. ಪೆಟ್ಟು ಬಿದ್ದಿದ್ದು ಹೇಗೆ ಅಂತ ಅದರಲ್ಲೊಂದು ಕಾಲಂ ಇದೆ. ವಿವರವಾಗಿ ಬರೀಬೇಕು.”

ಕೊರ್ಬಾನ್ ಪಿಸ್ತೂಲನ್ನು ಜೇಬಿಗಿಳಿಸಿದ. ಆಮೇಲೆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕೋಟಿನೊಳಗೆ ತುರುಕಿದ. “ಊರಲ್ಲಿ ಬೇರೆ ಕಾರ್ಖಾನೆ ಇಲ್ವಾ,” ಎಂದವನು ಮೆಟ್ಟಿಲು ಇಳಿದು ಹೋದ.

ತಿಬೋ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಕೆಳಗಿನಿಂದ ಕಾರಿನ ಹಾರನ್ ಎರಡು ಸಲ ಕೂಗಿತು.

“ಮದಾಂ,” ದನಿ ತಗ್ಗಿಸಿ ಕೇಳಿದ, “ಇಂಥ ಪ್ರತಿನಿಧಿ ಇಟ್ಕೋಬೇಕು ಅಂದ್ರೆ ಕಡೇ ಪಕ್ಷ ಎಷ್ಟು ಜನ ಕೆಲಸಕ್ಕಿರಬೇಕು?”

“ಹನ್ನೊಂದು.”

ತಿಬೋ ಒಂದೊಂದೇ ಬೆರಳು ಮಡಚುತ್ತಾ ಕೊರ್ಬಾನ್‌ನ ಆಳುಗಳನ್ನು ಎಣಿಸಿದ. ಹತ್ತೂ ಬೆರಳು ಮುಗಿದವು. ಮಡಚಿದ ಮುಷ್ಟಿಗಳನ್ನು ಹಾಗೇ ಹಿಡಿದುಕೊಂಡು ಕೇಳಿದ:

“ಜೈಲಲ್ಲಿರೋನನ್ನ ಸೇರಿಸ್ಕೋಬಹುದಾ?”