ಮೂರನೆಯ ಚೀಲ

ದ್ಯಾವಮ್ಮನ ತೋಳಿನಿಂದ ಚೀಲಕ್ಕೆ ಇಳಿದ ರಕ್ತ ಈ ಸಲವೂ ಕಪ್ಪಗೆ ಹೆಪ್ಪುಗಟ್ಟಿತು. "ಎರಡನೇ ಚೀಲವೂ ಹಾಳಾಯ್ತು ದ್ಯಾವಮ್ಮ," ಎಂದು ನರ್ಸ್ ಅಂಜುಮ್ ಸಿಡುಕಿದಳು. "ಚೀಲಕ್ಕೆ ಮಂತ್ರ ಹಾಕಿರೋದು ಗೊತ್ತಲ್ಲ? ಆ ಮನುಷ್ಯ ಬದುಕ್ಲಿ ಅಂತ ನೀನು ನಿಜವಾಗ್ಲೂ ಅಂದ್ಕೊಂಡ್ರೆ ಮಾತ್ರ ರಕ್ತ ಕೆಂಪಗಿರುತ್ತೆ."

ಪಕ್ಕದ ಮಂಚದಲ್ಲಿ ಎಸ್ಟೇಟಿನ ಹಾಜರಿ, ಲೆಕ್ಕ ಬರೆಯುವ ರೈಟರ್ ಚಂದ್ರಪ್ಪ ಬಿಳಿಚಿಕೊಂಡು ಮಲಗಿದ್ದ. ಬೆಳಿಗ್ಗೆ ತೋಟದಲ್ಲಿ ಆನೆ ತುಳಿದಿತ್ತು. ಹಾನುಬಾಳಿನ ಸುತ್ತ ಅವನ ಗುಂಪಿನ ರಕ್ತ ಇದ್ದುದು ಕೂಲಿಗಳ ಲೈನ್ ಮನೆಯ ದ್ಯಾವಮ್ಮನೊಬ್ಬಳಿಗೇ. ಎಸ್ಟೇಟಿನ ಜೀಪು ಅವಳನ್ನು ಕಾಫಿ ಕುಯ್ಯುತ್ತಿದ್ದಲ್ಲಿಂದಲೇ ಎತ್ತಿ ತಂದಿತ್ತು. ಕಂಪ್ಯೂಟರಿನ ಕಾಲ ಹೋಗಿ ಮಂತ್ರದ ಕಾಲ ಬಂದಿದ್ದರೂ ರೈಟರ್ ಮನೆಯ ಬೇಲಿಗೂಟದ ಮೇಲೆ ಬೋರಲು ಹಾಕಿದ ಲೋಟ ಹಾಗೇ ಇತ್ತು. ದ್ಯಾವಮ್ಮ ಅದರಲ್ಲೇ ಕಾಫಿ ಕುಡಿದು, ತೊಳೆದು, ಮತ್ತೆ ಗೂಟಕ್ಕೇ ಬೋರಲು ಹಾಕಬೇಕಿತ್ತು.

ಚಂದ್ರಪ್ಪ ಕಣ್ಣು ಬಿಟ್ಟು ಅವಳನ್ನು ಕಂಡ. "ಇವ್ಳುದಾ? ಬ್ಯಾಡ," ಎಂದು ನರಳಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ಇವ್ಳ ರಕ್ತ ನನ್ನ ಮೈಗೆ ಏರಿಸ್ಬ್ಯಾಡಿ. ಅದ್ಕಿಂತ ಸತ್ತೋಗ್ತೀನಿ, ಬುಟ್ಬುಡಿ."

ದ್ಯಾವಮ್ಮನ ಬಿಗಿದ ಮುಷ್ಟಿ ಸಡಿಲಾಯಿತು. ಬೆಳಗಿನಿಂದ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು.

"ಇನ್ನೊಂದು ಚೀಲ ಹಾಕವ್ವ," ಎಂದಳು ಅಂಜುಮ್‌ಗೆ. "ಇವ್ನು ಸಾಯ್ಬಾರ್ದು ಕಣವ್ವ. ನನ್ನ ರಕ್ತ ಮೈತುಂಬ ಇಟ್ಕಂಡು ನೂರು ವರ್ಸ ಬಾಳ್ಲಿ."

ಅವಳು ಮುಷ್ಟಿ ಬಿಗಿದು ಬಿಗಿದು ಬಿಟ್ಟಳು. ಚೀಲ ತುಂಬುತ್ತ ಹೋಯಿತು. ಒಂದು ಹನಿಯೂ ಕಪ್ಪಾಗಲಿಲ್ಲ.