ಮಾರ್ಲ್‌ಕೋಟಿನ ಗಂಟೆ ಬಳಗ

ವಿಲ್ಫ್ ಸುಳ್ಳು ಹೇಳಿದ್ದ. ತರಕಾರಿ ಪ್ರದರ್ಶನದ ಸಭೆ ಇದೆ ಎಂದು ಟೋಪಿ ಹಾಕಿಕೊಂಡು ಹೊರಟಿದ್ದ. ಹೆಂಡತಿ ಎನಿಡ್ ಹಿಂದೆಯೇ ಹೋಗಿ ನೋಡಿದರೆ ಊರಿನ ಸಭಾಂಗಣಕ್ಕೆ ಬೀಗ. ದೂರದಲ್ಲಿ, ಪಕ್ಕದೂರು ಹಾಕ್‌ಸ್ಟನ್‌ಗೆ ಹೋಗುವ ಏರುದಾರಿಯಲ್ಲಿ ಅವನ ಸೈಕಲ್ಲು ಹೋಗುತ್ತಿತ್ತು. ಅದರ ಮುಂದೆ ಮುರಿಯಲ್ ಗಾಸ್ಟಳ ಸೈಕಲ್ಲು.

ಬೇರೆ ಹೆಂಗಸಾಗಿದ್ದರೆ ಇನ್ನೇನೋ ಊಹಿಸಿಕೊಂಡು ಅಲ್ಲೇ ಕಣ್ಣೀರು ಹಾಕುತ್ತಿದ್ದಳು. ಎನಿಡ್‌ಗೆ ಆ ಅನುಮಾನ ಬರಲಿಲ್ಲ. ವಿಲ್ಫ್‌ಗೆ ಅಷ್ಟು ಚುರುಕಿಲ್ಲ, ಮುರಿಯಲ್‌ಗೆ ಅಷ್ಟು ಪುರುಸೊತ್ತಿಲ್ಲ. ಮಹಿಳಾ ಸಂಘ, ಜಾಮ್ ಸ್ಪರ್ಧೆ, ಚರ್ಚಿಗೆ ಹೂವಿಡುವ ಸರದಿ, ಹೀಗೆ ಮಾರ್ಲ್‌ಕೋಟಿನಲ್ಲಿ ಮುರಿಯಲ್ ಮೂಗು ತೂರಿಸದ ಜಾಗವೇ ಇರಲಿಲ್ಲ. ಇತ್ತೀಚೆಗೆ ಚರ್ಚಿನ ಗಂಟೆ ಬಾರಿಸುವವರ ಬಳಗಕ್ಕೂ ಸೇರಿದ್ದಳು. ಸೇರಿದ ಮೇಲೆ ಸುಮ್ಮನಿರುವ ಪೈಕಿ ಅಲ್ಲ ಅವಳು.

ಎನಿಡ್ ಮದುವೆಗೆ ಮೊದಲಿನಿಂದಲೂ ಆ ಬಳಗದವಳು, ವಿಲ್ಫ್ ಆಮೇಲೆ ಸೇರಿದವನು. ಗೋಪುರದ ಆರು ಗಂಟೆಗಳಲ್ಲಿ ನಾಲ್ಕನೆಯದರ ಹಗ್ಗ ಅವಳ ಕೈಯದು. ಬಳಗದ ಹಿರಿಯ ಮುದುಕ ಆಂಬ್ರೋಸ್ ಈಸ್ಟರ್ ಹೊತ್ತಿಗೆ ಎದೆನೋವಿನಿಂದ ಹಾಸಿಗೆ ಹಿಡಿದಾಗ, ನನ್ನ ನಂತರ ಇವಳೇ ಮುಂದಾಳು ಎಂದು ಎಲ್ಲರೆದುರು ಹೇಳಿದ್ದ. ಅವಳಿಗೆ ಬದುಕಿನಲ್ಲಿ ಬೇಕಾಗಿದ್ದ ದೊಡ್ಡಸ್ತಿಕೆ ಅಷ್ಟೇ.

ಅಷ್ಟರಲ್ಲಿ ಹಾಳು ಹೊಟ್ಟೆನೋವು ಬಂತು. ಆಪರೇಶನ್ ಆಯಿತು. ಡಾಕ್ಟರನ್ನು ಕಂಡು ಬಂದ ವಿಲ್ಫ್, ಗಡ್ಡೆ ಪೂರ್ತಿ ತೆಗೆದಿದ್ದಾರೆ, ಇನ್ನು ವಿಶ್ರಾಂತಿಯೊಂದೇ ಔಷಧಿ ಅಂದ. ಮನೆಗೆ ಬಂದ ಎನಿಡ್‌ಗೆ ಹುಡುಗಿಯಾಗಿದ್ದಾಗಿನ ಲಂಗ ಮತ್ತೆ ಹಿಡಿಸುವಂತಾಗಿತ್ತು. ಅದೊಂದು ಲಾಭವೇ ಎಂದು ಖುಷಿಪಟ್ಟಳು.

ಖುಷಿ ಬಹಳ ದಿನ ಉಳಿಯಲಿಲ್ಲ. ಅವಳು ಹಗ್ಗ ಹಿಡಿಯಲು ಹೋದರೆ ಯಾರಾದರೊಬ್ಬರು ಕುರ್ಚಿ ತಂದಿಡುತ್ತಿದ್ದರು. ಅವಳ ಹೂವಿನ ಸರದಿಯನ್ನು ಮುರಿಯಲ್ ಕೇಳದೆಯೇ ತಾನು ವಹಿಸಿಕೊಂಡಳು. ಜೊತೆಗೆ ವಾರವಾರವೂ ಕಡುಬಿನ ತಟ್ಟೆ ಹಿಡಿದು ಬಾಗಿಲಿಗೆ ಬರುವುದು ಬೇರೆ.

“ನೀವು ಸುಮ್ನೆ ಕೂತ್ಕೊಳಿ ಎನಿಡ್. ನಾವೆಲ್ಲ ಇದೀವಲ್ಲ,” ಅನ್ನುತ್ತಿದ್ದಳು.

ಅವರೆಲ್ಲ ಇರುವುದೇ ಎನಿಡ್‌ಗೆ ಕಷ್ಟವಾಗಿತ್ತು. ಮುಂದಾಳಿನ ಆಯ್ಕೆಯನ್ನೂ ಮುಂದೆ ಹಾಕಿದರು. ಕ್ರಿಸ್‌ಮಸ್ ಕಳೆಯಲಿ, ಆಮೇಲೆ ನೋಡೋಣ ಎಂದು ಪಾದ್ರಿಗಳು ಅವಳ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು ಹೇಳಿದರು. ಅಷ್ಟು ಹೊತ್ತು ಕೈ ಹಿಡಿಯುವವರು ಏನೋ ಕಿತ್ತುಕೊಳ್ಳುವವರೇ ಎಂದು ಎನಿಡ್ ಲೆಕ್ಕ ಹಾಕಿದಳು.

ಈಗ ಎಲ್ಲ ಸ್ಪಷ್ಟವಾಯಿತು. ತನ್ನ ಕಿವಿಗೆ ಬೀಳದಿರಲೆಂದು ಪಕ್ಕದೂರಿನ ಗೋಪುರದಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. ಮುರಿಯಲ್‌ಳನ್ನು ಮುಂದಾಳಾಗಿ ತಯಾರು ಮಾಡುತ್ತಿದ್ದಾರೆ. ಅದೂ ತನ್ನ ಗಂಡನೇ ಮುಂದೆ ನಿಂತು. ಉಂಡ ಮನೆಗೆ ಎರಡು ಬಗೆದನಲ್ಲ ಎಂದು ಸಿಡುಕಿದಳು. ಸೈಕಲ್ಲು ಹತ್ತಿದಳು. ಏರಿನಲ್ಲಿ ಎರಡು ಸಲ ಇಳಿದು ಸುಧಾರಿಸಿಕೊಳ್ಳಬೇಕಾಯಿತು. ವಿಶ್ರಾಂತಿ ಹೆಚ್ಚಾಗಿ ಮೈ ಜಡ್ಡುಗಟ್ಟಿದೆ ಎಂದು ಅದಕ್ಕೂ ಅವರನ್ನೇ ಬೈದಳು.

ಹಾಕ್‌ಸ್ಟನ್ ಚರ್ಚಿನ ಗೇಟಿನಲ್ಲಿ ಅವಳ ಕಾಲು ನಿಂತಿತು. ಗಂಟೆಗಳ ಒಂದು ಸುತ್ತು ಗಟ್ಟಿಯಾಗಿ ಕೇಳುತ್ತಿತ್ತು, ಮರು ಸುತ್ತು ಮಂಕಾಗಿ, ನೆಲದೊಳಗಿಂದ ಬಂದಂತೆ. ಗಂಟೆಯ ನಾಲಗೆಯ ಒಂದು ಮಗ್ಗುಲಿಗೆ ಚರ್ಮದ ಪಟ್ಟಿ ಕಟ್ಟಿದರೆ ಮಾತ್ರ ಆ ದನಿ. ಅದನ್ನು ಕಟ್ಟುವುದು ಸತ್ತವರಿಗಾಗಿ. ನಾಲ್ಕು ವರ್ಷದ ಹಿಂದೆ ದೇಶದ ರಾಜ ತೀರಿಕೊಂಡಾಗ ಎನಿಡ್ ತಾನೇ ಏಣಿ ಹತ್ತಿ ಕಟ್ಟಿದ್ದಳು.

ಆಂಬ್ರೋಸ್ ತಾತ. ಎಂಬತ್ತು ದಾಟಿದ ಜೀವ, ಈಸ್ಟರಿನಿಂದ ಹಾಸಿಗೆ. ಅವನ ಸಾವಿಗೆಂದು ಮೊದಲೇ ಅಭ್ಯಾಸ ನಡೆಸುತ್ತಿದ್ದಾರೆ. ಅವನ ಕಿವಿಗೆ ಬಿದ್ದರೆ ನೊಂದಾನು ಎಂದು ಇಲ್ಲಿಗೆ ಬಂದಿದ್ದಾರೆ, ಹುಷಾರಿಲ್ಲದ ತನಗೆ ಸುಸ್ತು ಬೇಡವೆಂದು ಕರೆದಿಲ್ಲ. ಎನಿಡ್‌ಗೆ ನಾಚಿಕೆಯಾಯಿತು. ಮುರಿಯಲ್‌ಳ ಕಡುಬನ್ನೆಲ್ಲ ಕೋಳಿಗೆ ಹಾಕಿದ್ದು ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು. ಕ್ಷಮೆ ಕೇಳಿಬಿಡೋಣ ಎಂದು ಬಾಗಿಲು ತಳ್ಳಿದಳು.

ಒಳಗೆ ಕುರ್ಚಿಯಲ್ಲಿ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಆಂಬ್ರೋಸ್ ಕುಳಿತಿದ್ದ. ಬಾರಿಸುವವರಿಗೆ ತಾಳ ಹೇಳಿಕೊಡುತ್ತಿದ್ದ.

ಅವಳನ್ನು ಕಂಡು ಹಗ್ಗಗಳು ಒಂದೊಂದಾಗಿ ನಿಂತವು. ಮುರಿಯಲ್ ಮುಖ ತಿರುಗಿಸಿ ಕರವಸ್ತ್ರ ಹುಡುಕಿದಳು.

“ತಾತ, ನೀನು ಚೆನ್ನಾಗೇ ಇದೀಯಲ್ಲ,” ಅಂದಳು ಎನಿಡ್. “ಮತ್ತೆ ಇದು ಯಾರಿಗೆ?”

ಆಂಬ್ರೋಸ್ ಅವಳನ್ನು ನೋಡಲಿಲ್ಲ, ವಿಲ್ಫ್‌ನನ್ನು ನೋಡಿದ. “ಹೇಳ್ಬಿಡಪ್ಪ. ಇನ್ನು ನನ್ ಕೈಲಾಗಲ್ಲ.”

ಎನಿಡ್ ಸುತ್ತ ಕಣ್ಣಾಡಿಸಿದಳು. ಇಲ್ಲಿಯೂ ಗಂಟೆ ಆರು, ಬಾರಿಸುತ್ತಿದ್ದವರು ಐವರೇ. ಬಳಗದವರೊಬ್ಬರು ಸತ್ತರೆ ಮಾರ್ಲ್‌ಕೋಟಿನವರು ಅವರ ಗಂಟೆಯನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ಹಗ್ಗ ಗೋಡೆಗೆ ಕಟ್ಟಿ, ಸುತ್ತಿನಲ್ಲಿ ಅದರ ಜಾಗವನ್ನು ಖಾಲಿ ಬಿಟ್ಟು ಬಾರಿಸುತ್ತಾರೆ. ಹಾಗೆ ಖಾಲಿ ಬಿಟ್ಟು ಬಾರಿಸುವುದು ಕಷ್ಟ, ವಾರಗಟ್ಟಲೆ ಅಭ್ಯಾಸ ಬೇಕು. ಗೋಡೆಗೆ ಕಟ್ಟಿದ್ದ ಹಗ್ಗ ನಾಲ್ಕನೆಯದು.

“ಕೊಯ್ದು ನೋಡಿ, ಏನೂ ಮಾಡಕ್ಕಾಗಲ್ಲ ಅಂತ ಹಾಗೇ ಹೊಲಿದ್ರು ಎನಿಡ್,” ಅಂದ ವಿಲ್ಫ್. “ನಿಂಗೆ ಮಾತ್ರ ಹೇಳ್ಬೇಡಿ ಅಂತ ಡಾಕ್ಟರೇ ಅಂದಿದ್ರು.”